ಹೊಡೀರಿ ಅಂದಿದ್ದು ನಾನೇ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಸಂಜೆ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ದೋಣಿ ಎಂಜಿನ್ನಿನ ಗ್ರೀಸು ತೊಳೆದೂ ತೊಳೆದೂ ನಿನ್ನ ಅಂಗೈ ಬಿರಿದಿದೆಯೆಂದು ಅಮ್ಮ ಹೇಳಿದಳು. ಮಲಗುವ ಮುಂಚೆ ಎಣ್ಣೆ ಸವರಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಗಟ್ಟಿಮುಟ್ಟಾಗಿದ್ದೇನೆ, ಮೊಣಕಾಲು ಮಾತ್ರ ಏಣಿ ಕಂಡರೆ ಗೊಣಗುತ್ತದೆ. ಈಗ ಸುದ್ದಿ ಕೇಳು. ಗೆದ್ದೆ ಕಣೇ! ಇವತ್ತು ಬೆಳಿಗ್ಗೆ ಹನ್ನೊಂದೂಕಾಲಿಗೆ ನ್ಯಾಯಾಧೀಶರು ನಿನ್ನಪ್ಪ ನಿರಪರಾಧಿ ಎಂದು ತೀರ್ಪು ಕೊಟ್ಟರು.

ಅಮ್ಮ ಫೋನಿನಲ್ಲಿ ಅರ್ಧಂಬರ್ಧ ಹೇಳಿರುತ್ತಾಳೆ, ಮೊದಲಿನಿಂದ ಹೇಳುತ್ತೇನೆ. ಆವತ್ತು ಗೋದಾಮಿನ ಹಿಂಬದಿಯ ಕಿಟಕಿಗಳಿಗೆ ಬಣ್ಣ ಹೊಡೆಸುತ್ತಿದ್ದೆ. ಹನ್ನೊಂದು ಕಿಟಕಿ, ಮೂರೇ ಜನ ಪೇಂಟರುಗಳು, ಮೇಲೆ ಮೋಡ ಬೇರೆ. ಅವರು ಹತ್ತಿ ನಿಂತಿದ್ದ ಸಾರುವೆಯ ಕೆಳಗೆ ನಿಂತು ಎಂದಿನಂತೆ ಕೂಗಿದೆ: "ಹೊಡೀರಿ, ಹೊಡೀರಿ! ಒಂದು ಕಿಟಕೀನೂ ಬಿಡಬೇಡಿ!" ನನ್ನ ಗಂಟಲು ನಿನಗೆ ಗೊತ್ತಲ್ಲ. ಅದೇ ಹೊತ್ತಿಗೆ ಮುಂಬದಿಯ ಗೇಟಿನಲ್ಲಿ, ಕೆಲಸ ಕಳೆದುಕೊಂಡ ಹಮಾಲರು ಸೇರಿ ಗಲಾಟೆ ಎಬ್ಬಿಸಿದ್ದರು. ಕಲ್ಲು ತೂರಿದರು. ಮುಂದಿನ ಕಿಟಕಿಗಳೆಲ್ಲ ಪುಡಿಪುಡಿ, ಕಾವಲುಗಾರನ ತಲೆಗೆ ಆರು ಹೊಲಿಗೆ. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ಕಲ್ಲು ಅವರದು, ಧ್ವನಿ ನನ್ನದು!

ಇನ್ಸ್‌ಪೆಕ್ಟರು ಕರೆಸಿ, "ಹೊಡೀರಿ ಅಂದಿದ್ದು ನೀವೇನಾ?" ಎಂದು ಕೇಳಿದರು. ನನ್ನ ಕೂಗಾಟದ ಮೇಲೆ ಯಾರೋ ದೂರು ಕೊಟ್ಟಿರಬೇಕು ಎಂದುಕೊಂಡು, "ನಾನೇ ಸಾರ್, ಮೂವತ್ತು ವರ್ಷದಿಂದ ದಿನಾ ಅಂತೀನಿ" ಎಂದು ಎದೆಯುಬ್ಬಿಸಿ ಹೇಳಿ ಸಹಿಯನ್ನೂ ಹಾಕಿಬಿಟ್ಟೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ. ಕಲ್ಲು ಹೊಡೆಸಿದವನು ನಾನೇ ಎಂದು ಕೇಸು ಬಿತ್ತು.

ಕಲ್ಲನ್ನೇ ಮುಟ್ಟದವನಿಗೆ ಎಂಥ ಜೈಲು ಎಂದು ನಾನು ಹಾರಾಡಿದೆ. ನನ್ನ ಕೇಸು ಹಿಡಿದ ವಕೀಲಮ್ಮ ಕೂರಿಸಿ ತಿಳಿಹೇಳಿದರು. ಕಲ್ಲು ಹೊಡೆಯಿರಿ ಎಂದು ಹುರಿದುಂಬಿಸಿದವನೂ ತಪ್ಪಿತಸ್ಥನೇ. ಅವನ ಮಾತು ಕೇಳಿ ಯಾರೂ ಕಲ್ಲೆತ್ತದೆ ಹೋದರೂ ಅವನು ಪಾರಾಗುವುದಿಲ್ಲವಂತೆ. ಕಾವಲುಗಾರನ ತಲೆ ನೆನೆಸಿಕೊಂಡು, ಅದು ನ್ಯಾಯವೇ ಅನ್ನಿಸಿತು. "ಆದ್ರೆ ಮೇಸ್ತ್ರೀ, ಬಾಯಲ್ಲಿ ಏನು ಬಂತು ಅನ್ನೋದಷ್ಟೇ ಸಾಲದು. ಮನಸ್ಸಲ್ಲಿ ಏನಿತ್ತು ಅನ್ನೋದನ್ನೂ ನೋಡ್ತಾರೆ" ಎಂದರು. ಮನಸ್ಸನ್ನು ಕೋರ್ಟಿಗೆ ಹೊತ್ತುಕೊಂಡು ಹೋಗುವುದು ಹೇಗೆ ಹೇಳು? ಎಂಟು ತಿಂಗಳು ಹೆದರಿ ಒಣಗಿದೆ. ನಿನ್ನ ಹತ್ತಿರ ಮುಚ್ಚಿಡುವುದೇನು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೂ ಉಂಟು.

ನಮ್ಮ ಹಿರಿಯ ಪೇಂಟರ್ ಮೌನಿ ಗೊತ್ತಲ್ಲ, ವರ್ಷಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಹಿಂದಿನ ವಾಯಿದೆಯ ದಿನ ಅವನನ್ನು ಸಾಕ್ಷಿಗೆ ನಿಲ್ಲಿಸಿ, ಮೇಸ್ತ್ರಿ ಹೊಡೀರಿ ಅಂದಾಗ ಏನು ಮಾಡಿದಿರಿ ಎಂದು ಕೇಳಿದರು. "ಎರಡನೇ ಕೋಟ್ ಹೊಡೆದ್ವಿ ಸ್ವಾಮಿ" ಎಂದ. ಕೋರ್ಟು ಗೊಳ್ಳೆಂದಿತು. ಎದುರು ವಕೀಲರು ಮಾತ್ರ, ಹೊಡಿ ಅಂದರೆ ಹೊಡೆತವೇ, ಬೇರೆ ಅರ್ಥವೇ ಇಲ್ಲ ಎಂದು ಮೇಜು ಕುಟ್ಟಿದರು. ಅಷ್ಟರಲ್ಲಿ ಊಟದ ಹೊತ್ತಾಯಿತು. ನ್ಯಾಯಾಧೀಶರು ಜವಾನನ ಕಡೆ ತಿರುಗಿ, "ಬೆಲ್ ಹೊಡಿಯಪ್ಪಾ" ಎಂದರು. ಎಂದವರೇ ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ನನಗೆ ಆಗಲೇ ಹೋದ ಜೀವ ಬಂದಂತಾಯಿತು.

ಇವತ್ತು ಮೂವರು ಪೇಂಟರುಗಳೂ ಕೋರ್ಟಿನ ಮೆಟ್ಟಿಲ ಮೇಲೆ ನನ್ನನ್ನು ಎತ್ತಿ ಕುಣಿಸಿದರು. ಕಾವಲುಗಾರನೂ ಬಂದು ಕೈಕುಲುಕಿದ. ಇನ್ನುಮುಂದೆ "ಹೊಡೀರಿ" ಬೇಡ, "ಹಚ್ಚಿ" ಅನ್ನಿ ಎಂದು ಅಮ್ಮನ ಅಪ್ಪಣೆಯಾಗಿದೆ. ವಕೀಲಮ್ಮ ಅದೂ ಬೇಡವೆಂದು ತಲೆಯಾಡಿಸಿದರು, ಬೆಂಕಿ ಹಚ್ಚಿ ಅಂದ ಎಂದು ಇನ್ನೊಂದು ಕೇಸು ಬಿದ್ದೀತಂತೆ! ನಾಳೆಯಿಂದ ಮತ್ತೆ ಕೆಲಸ.

ಅಮ್ಮ ನಿನ್ನನ್ನು ಬಹಳ ಕೇಳಿದ್ದಾಳೆ. ನೀನು ಮುಟ್ಟಿದ ಎಂಜಿನ್ನೆಲ್ಲ ಒಂದೇ ಏಟಿಗೆ ಸ್ಟಾರ್ಟ್ ಆಗಲಿ, ತಣ್ಣಗಿರು.

ಇಂತಿ ನಿನ್ನ ಅಪ್ಪ,
ಗಂಟಲು ಮೇಸ್ತ್ರಿ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಬಣ್ಣದ ಕೆಲಸ ಬಿಟ್ಟು ಎಂಜಿನ್ ಕೆಲಸಕ್ಕೆ ಹೊರಡುತ್ತೇನೆ ಎಂದು ನೀನು ಚೀಲ ಎತ್ತಿಕೊಂಡ ದಿನ, ಬಾಗಿಲಲ್ಲಿ ನಿಂತು "ಹೋಗು" ಅಂದಿದ್ದೂ ನಾನೇ. ಒಂದು ವರ್ಷವಾಯಿತು, ನೀನು ಈ ಕಡೆ ಬರಲಿಲ್ಲ. ನಮ್ಮ ಮನೆಯಲ್ಲಿ ಹೊರಟವರಿಗೆ ಯಾರೂ ಬರೀ "ಹೋಗು" ಅನ್ನುವುದಿಲ್ಲ, "ಹೋಗಿ ಬಾ" ಅನ್ನುತ್ತೇವೆ. ಇಷ್ಟು ದೊಡ್ಡ ಗಂಟಲಲ್ಲಿ ಆವತ್ತು ಅರ್ಧ ಮಾತು ಸಿಕ್ಕಿಕೊಂಡಿತು ಮಗಳೇ. ನನ್ನ ಮನಸ್ಸಲ್ಲಿ ಏನಿತ್ತೆಂದು ನ್ಯಾಯಾಧೀಶರು ನೋಡಿದರು, ನೀನೂ ನೋಡು. ಉಳಿದ ಅರ್ಧ ಇಲ್ಲಿ ಬರೆದಿದ್ದೇನೆ, ಸಹಿಯೂ ನನ್ನದೇ: ಬಾ.