ಕೊಡೆ ರಾಯರು ಹೋದ ದಿನ

ಮಣಿನಗರ, ೮ ಜನವರಿ ೧೯೯೫, ಭಾನುವಾರ

ಅತ್ತೆಗೆ ನೆಗಡಿಯಾಗದಿದ್ದರೆ ಸಾಕು. ಈ ಚಳಿಯಲ್ಲಿ, ಸಂಜೆ ಹೊತ್ತಿನಲ್ಲಿ, ತಲೆಗೆ ತಣ್ಣೀರು ಸ್ನಾನ ಮಾಡಿದ್ದಾರೆ. ಹೇಳಿದರೆ ಕೇಳುವವರಲ್ಲ.

ಕೊಡೆ ರಾಯರು ತೀರಿಕೊಂಡರಂತೆ. ಗುರುವಾರದ ಹಾಸ್ಯ ಧಾರಾವಾಹಿಯಲ್ಲಿ ಮನೆಯೊಳಗೂ ಕೊಡೆ ಬಿಡಿಸಿಕೊಂಡು ಓಡಾಡುತ್ತಿದ್ದ ನಟ. ಆ ಹೆಸರಿಟ್ಟವರು ಅತ್ತೆಯೇ. ಅವರ ನಿಜವಾದ ಹೆಸರು ನಮಗೆ ತಿಳಿದಿದ್ದೇ ಇವತ್ತು, ನಮ್ಮವರು ಪೇಪರ್ ಓದಿ ಹೇಳಿದಾಗ.

ಕೇಳಿದ್ದೇ ತಡ, ಅತ್ತೆ ಎದ್ದು ಬಚ್ಚಲಿಗೆ ಹೊರಟರು.

"ಸ್ನಾನ ಮಾಡೋಕೆ ಅವರೇನು ನಮ್ಮ ದಾಯಾದಿಗಳಾ?" ಅಂತ ರೇಗಿದೆ.

"ವಾರ ತಪ್ಪದೆ ಮನೆಗೆ ಬರ್ತಿದ್ದರಲ್ಲೇ," ಅಂದರು. "ದಾಯಾದಿಗಳು ಯಾರು ಬಂದರು, ಹೇಳು."

ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಮೈಸೂರಿಂದ ಇಲ್ಲಿಗೆ ಕರೆತಂದೆವು. ಗುಜರಾತಿ ಬರೋದಿಲ್ಲ, ಹಿಂದಿ ಬರೋದಿಲ್ಲ. ಗೋಡೆ ನೋಡಿಕೊಂಡು ಕೂತಿರುತ್ತಿದ್ದರು. ಒಂದು ಗುರುವಾರ ಅಡುಗೆಮನೆಯಲ್ಲಿದ್ದ ನನಗೆ ಯಾರೋ ನಗುತ್ತಿರುವುದು ಕೇಳಿಸಿತು. ಯಾರ ನಗು ಅಂತ ಗುರುತು ಹತ್ತದೆ ಬಂದು ನೋಡಿದರೆ, ಅತ್ತೆ. ಟೀವಿಯಲ್ಲಿ ರಾಯರು ಕೊಡೆ ಸಮೇತ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅವತ್ತು ರಾತ್ರಿ ಅತ್ತೆ ಎರಡನೇ ಸಲ ಸಾರು ಹಾಕಿಸಿಕೊಂಡು ಉಂಡರು.

ಪಾಪ, ಮಣಿನಗರದಲ್ಲಿ ತಮಗೊಂದು ಮನೆಯಿದೆ ಅಂತ ಆ ಪುಣ್ಯಾತ್ಮರಿಗೆ ಗೊತ್ತೇ ಇರಲಿಲ್ಲ.

ಎಲ್ಲರೂ ಮಲಗಿದ ಮೇಲೆ ನಾನೂ ಹೋಗಿ ತಲೆಗೆ ನೀರು ಹಾಕಿಕೊಂಡೆ. ತಣ್ಣೀರನ್ನೇ. ಕೂದಲು ಇನ್ನೂ ಒದ್ದೆಯಿದೆ. ನೆಗಡಿಯಾದರೆ ಇಬ್ಬರಿಗೂ ಆಗಲಿ.