ನಡುವೆ ಬಿಟ್ಟ ಒಂದು ಗೇಣು

ಬುಕ್ಕಸಾಗರ
7-5-1979, ಸೋಮವಾರ

ಸೌಭಾಗ್ಯವತಿ ಸುಂಕಮ್ಮನಿಗೆ ನಿನ್ನ ಮನೆಯವನು ಎರ್ರಿಯಪ್ಪ ಮಾಡುವ ಆಶೀರ್ವಾದಗಳು.

ನಾವು ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಕಣ್ಣು ಹೇಗಿದೆ? ಡಾಕ್ಟರು ಕೊಟ್ಟ ಹನಿ ಔಷಧ ಹಾಕಿಸಿಕೊಳ್ಳುತ್ತಿದ್ದೀಯೋ, ಉರಿಯುತ್ತದೆ ಎಂದು ಸೆರಗಿನಲ್ಲಿ ಒರೆಸಿ ಬಿಡುತ್ತಿದ್ದೀಯೋ? ಬಳ್ಳಾರಿಯ ಬಿಸಿಲಿಗೆ ಹೊರಗೆ ಕೂರಬೇಡ. ಇದನ್ನು ಓದಿ ಹೇಳುವ ಮಗಳು ಹೊನ್ನೂರಮ್ಮನಿಗೂ ಒಂದು ಮಾತು. ಇದ್ದದ್ದನ್ನು ಇದ್ದ ಹಾಗೆ ಓದು ತಾಯಿ. ಬೈದ ಕಡೆ ನುಂಗಿಕೊಂಡು ಓದಬೇಡ. ನಿಮ್ಮಪ್ಪ ಬೈಯದೆ ಕಾಗದ ಬರೆದಿದ್ದಾನೆ ಎಂದರೆ ನಿಮ್ಮವ್ವ ನಂಬುವುದಿಲ್ಲ, ನನಗೆ ಜ್ವರ ಬಂದಿದೆ ಎಂದುಕೊಳ್ಳುತ್ತಾಳೆ. ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊ. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಂಡು ಸ್ಲೇಟು ಒಡೆದು ಬಂದವನಿಗೆ ಇಷ್ಟು ಬರುವುದೇ ಹೆಚ್ಚು.

ಈಗ ವಿಷಯಕ್ಕೆ ಬರುತ್ತೇನೆ. ಶುಕ್ರವಾರ ನಿನ್ನ ಕಣ್ಣಿನ ಪೊರೆ ತೆಗೆಯುತ್ತಾರೆಂದೂ, ನೀನು ಅದು ಬೇಡವೆಂದು ಬುಧವಾರವೇ ಬಸ್ಸು ಹತ್ತುತ್ತೀಯೆಂದೂ ಹೊನ್ನೂರಮ್ಮ ಬರೆದಿದ್ದಾಳೆ. ಕೌದಿ ಅರ್ಧಕ್ಕೆ ನಿಂತಿದೆಯಂತೆ, ಎಮ್ಮೆ ನಿನ್ನ ಕೈಗಲ್ಲದೆ ಹಾಲು ಕೊಡುವುದಿಲ್ಲವಂತೆ, ಮಗ ಓಬಳೇಶನ ಮದುವೆ ಬಾಗಿಲಿಗೆ ಬಂದಿದೆಯಂತೆ. ಎಷ್ಟು ನೆಪ! ಹೆದರಿಕೆಯಾಗಿದ್ದರೆ ಹೆದರಿಕೆ ಎನ್ನು. ಅದನ್ನು ತೆಗೆದುಕೊಂಡು ಹೋಗಿ ಎಮ್ಮೆಯ ಬೆನ್ನಿಗೆ ಯಾಕೆ ಕಟ್ಟುತ್ತೀ?

ಎಮ್ಮೆ ಹಾಲು ಕೊಡುತ್ತಿದೆ. ಮೊದಲ ದಿನ ಒದ್ದದ್ದು ನಿಜ, ಚೆಂಬು ಹೋಗಿ ಜೋಳ ತುಂಬುವ ಹಗೇವಿನ ಕಟ್ಟೆಗೆ ಬಿತ್ತು. ಮರುದಿನ ನಿನ್ನ ಹಳೇ ಹಸಿರು ಸೀರೆಯನ್ನು ಹೆಗಲ ಮೇಲೆ ಹೊದ್ದು ಕೂತೆ. ಮೂಸಿ ನೋಡಿ, ನೀನೇ ಎಂದುಕೊಂಡು ಸುಮ್ಮನೆ ನಿಂತಿತು. ಆಚೆಮನೆ ದ್ಯಾಮಕ್ಕ ಸರಿಯಾಗಿ ಅದೇ ಹೊತ್ತಿಗೆ ಮಜ್ಜಿಗೆ ಕೇಳಲು ಬಂದಳು. "ಏನ್ ಮಾವಾ, ಇನ್ನ ಕೈಗೆ ಬಳಿ ಇಡಿಸ್ಕಳಾದೊಂದು ಬಾಕಿ ಐತಿ ನೋಡ್ರಿ" ಎಂದು ಕೂಗಿದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಹಾಳಾಗಲಿ. ಹಾಲು ಬಂತು.

ಅಡುಗೆಯೂ ನಡೆದಿದೆ. ರೊಟ್ಟಿ ನನ್ನ ಕೈಗೆ ದುಂಡಗೆ ಬರುವುದಿಲ್ಲ. ಓಬಳೇಶ ಒಂದನ್ನು ಎತ್ತಿ ಹಿಡಿದು "ಅಪ್ಪಾ, ಇದು ಯಾವ ಊರಿನ ಮ್ಯಾಪು?" ಎಂದ. ಅವನ ಕೈಗೆ ಹಿಟ್ಟು ಕೊಟ್ಟು ನೀನೇ ತಟ್ಟು ಮಗನೆ ಎಂದೆ. ಅಂದಿನಿಂದ ಬಾಯಿ ಮುಚ್ಚಿಕೊಂಡು ತಿನ್ನುತ್ತಿದ್ದಾನೆ.

ಇನ್ನು ಕೌದಿ. ಎರಡು ಬೆಳೆ ಶುರುವಾದ ಮೇಲೆ ನಮ್ಮೂರ ಹೆಂಗಸರು ಸೂಜಿ ಹಿಡಿಯುವುದು ಕಾಲುವೆಗೆ ನೀರು ನಿಲ್ಲಿಸಿದಾಗ ಮಾತ್ರ. ಈ ಸಲವೂ ನೀರು ನಿಂತ ದಿನವೇ ನೀನು ಪಡಸಾಲೆಯಲ್ಲಿ ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿದೆ. ಹೊಸ ಸೊಸೆ ಮನೆಗೆ ಬಂದ ದಿನ ಅತ್ತೆ ಹೊದಿಸುವ ಕೌದಿ. ಅದು ಅರ್ಧಕ್ಕೆ ಬಿದ್ದಿರುವುದು ನನಗೂ ಸೇರಲಿಲ್ಲ. ಗದ್ದೆಯಲ್ಲಿ ಕೆಲಸವಿಲ್ಲ, ಸೂಜಿ ತೆಗೆದುಕೊಂಡು ನಾನೇ ಕೂತೆ. ಹೊನ್ನೂರಮ್ಮಾ, ನಗು ಮುಗಿಸಿ ಮುಂದಕ್ಕೆ ಓದು.

ಅದೇನು ಕೆಲಸವೇ ಅದು! ಅಂಚಿನಿಂದ ಹಿಡಿದು ಸುತ್ತಿ ಸುತ್ತಿ ನಡುವಿಗೆ ಬರಬೇಕು, ಸುತ್ತಿಗೂ ಸುತ್ತಿಗೂ ಬೆರಳಗಲ ಬಿಡಬೇಕು, ಮೇಲಿನ ಬಟ್ಟೆ ಸುಕ್ಕಾಗಬಾರದು. ನಾನು ಒಂದು ಬದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಸೀದಿತ್ತು. ಬೇಳೆ ನೋಡಲು ಎದ್ದರೆ ಕರು ಬಂದು ಕೌದಿಯ ಮೇಲೆ ಮಲಗಿತ್ತು. ಕರು ಕಟ್ಟಿ ಬಂದರೆ ದಾರ ಗಂಟು. ನೀನು ಇದನ್ನೆಲ್ಲ ಒಟ್ಟಿಗೆ ಹೇಗೆ ನಡೆಸುತ್ತಿದ್ದೆ ಎಂದು ಯೋಚಿಸಿದೆ. ಹೊಲಿಯುತ್ತಾ ಕೂತಲ್ಲಿಂದಲೇ "ಏ, ಬ್ಯಾಳಿಗೆ ನೀರು ಹಾಕ್ರಿ" ಎನ್ನುತ್ತಿದ್ದೆಯಲ್ಲ, ತಲೆ ಎತ್ತದೆ! ನೀನು ಕಿವಿಯಲ್ಲಿ ಅಡುಗೆ ಮಾಡುತ್ತಿದ್ದೆ ಸುಂಕಮ್ಮ. ಕುದಿಯುವ ಸದ್ದು ಬದಲಾದರೆ ನಿನಗೆ ತಿಳಿಯುತ್ತಿತ್ತು. ನಾನು ಎರಡು ದಿನ ಕಿವಿಗೊಟ್ಟು ಕೂತೆ. ನನಗೆ ಕೇಳಿದ್ದು ದ್ಯಾಮಕ್ಕನ ನಗು ಒಂದೇ.

ಅವಳು ನಿನಗೆ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಶನಿವಾರ ಕರು ಹಗ್ಗ ಬಿಚ್ಚಿಕೊಂಡು ದ್ಯಾಮಕ್ಕನ ಬಾಳೆತೋಟಕ್ಕೆ ನುಗ್ಗಿತು. ಅವಳು ಕೂಗಿದಳು. ನಾನು ದಡಕ್ಕನೆ ಎದ್ದೆ, ಕೌದಿಯೂ ನನ್ನ ಜೊತೆಗೇ ಎದ್ದಿತು. ಚಕ್ಕಳಮಕ್ಕಳ ಹಾಕಿ ಕೂತು ಹೊಲಿದವನು ಅಡಿಯಲ್ಲಿ ನನ್ನ ಪಂಚೆಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ. ಓಡಲಾರೆ, ಕೂರಲಾರೆ, ಬಿಚ್ಚಿದರೆ ಮಾನ ಹೋಗುತ್ತದೆ. ದ್ಯಾಮಕ್ಕ ಕರುವನ್ನು ಮರೆತು ಅಂಗಳದಲ್ಲಿ ಕೂತುಬಿಟ್ಟಳು. "ಮಾವಾ, ಸೊಸಿಗೆ ಕೌದಿ ಕೊಡ್ತೀರೋ, ಮಾವನ್ನೂ ಹೊಲ್ದು ಜತಿಗೆ ಕೊಡ್ತೀರೋ!" ನಾನು ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ, ಓದುವವಳು ಮಗಳು. ಕೊನೆಗೆ ಅವಳೇ ಕತ್ತರಿ ತಂದಳು. ಹೊಲಿಗೆ ಬಿಚ್ಚಲು ನನಗೆ ಮನಸ್ಸಾಗಲಿಲ್ಲ, ಒಂದು ಮಧ್ಯಾಹ್ನದ ಕೆಲಸ ಅದು. ಪಂಚೆಯನ್ನೇ ಕತ್ತರಿಸು ಎಂದೆ. ಆ ತುಂಡು ಕೌದಿಯ ಬೆನ್ನಿಗೆ ಅಂಟಿಕೊಂಡಿದೆ. ಇರಲಿ ಬಿಡು.

ಆದರೆ ಆ ದಿನ ಕೌದಿ ಮಗುಚಿ ಹಾಕಿದಾಗ ಇನ್ನೊಂದು ಕಂಡಿತು. ನೀನು ಹಾಕಿದ ಮೊದಲ ಸುತ್ತುಗಳು ನೇಗಿಲ ಸಾಲಿನ ಹಾಗೆ ಇವೆ. ಒಳಗೆ ಬರುತ್ತಾ ಬರುತ್ತಾ ಸಾಲು ಸಾಲನ್ನು ದಾಟಿದೆ. ಹೊಲಿಗೆ ಹೋಗಬೇಕಾದ ಕಡೆ ಬಟ್ಟೆಯನ್ನು ಉಗುರಿನಿಂದ ಗೀರಿ ಮಡಿಕೆ ಮಾಡಿದ್ದೀ, ಬೆರಳಿಗೆ ದಾರಿ ಸಿಗಲಿ ಎಂದು. ಬೆನ್ನಿನ ಬಿಳಿ ಬಟ್ಟೆಯ ಮೇಲೆ ಕಂದು ಚುಕ್ಕೆಗಳಿವೆ. ಮೊದಲು ಕುಂಕುಮ ಎಂದುಕೊಂಡೆ. ಆಮೇಲೆ ತಿಳಿಯಿತು, ಸೂಜಿ ಚುಚ್ಚಿದ ಬೆರಳಿನದು. ಕಣ್ಣು ಕಾಣದೆ ತಡವಿ ತಡವಿ ಹೊಲಿದಿದ್ದೀ. ಒಂದೇ ಸೂರಿನಡಿ ಇರುವವನಿಗೆ ಒಂದು ಮಾತು ಹೇಳಬಾರದಿತ್ತೇ? ಯಾರಾದರೂ ಕೇಳಿದರೆ "ಏನಿಲ್ಲ, ಹೊಗಿ ಕಣ್ಣಿಗೆ ಬಡೀತು" ಎನ್ನುತ್ತಿದ್ದೆ. ಹೊಗೆಯಂತೆ ಹೊಗೆ! ಕೌದಿಯನ್ನು ಎದುರಿಗೆ ಹಾಕಿಕೊಂಡು ನಿನ್ನನ್ನು ಒಬ್ಬನೇ ಬೈದೆ. ಬೈದು ಮುಗಿದ ಮೇಲೂ ಎದ್ದು ಹೋಗಲು ಆಗಲಿಲ್ಲ.

ಆ ಸಾಲುಗಳನ್ನು ಬಿಚ್ಚಿ ನೇರ ಮಾಡೋಣ ಮಾವಾ ಎಂದಳು ದ್ಯಾಮಕ್ಕ. ಒಂದು ಹೊಲಿಗೆ ಮುಟ್ಟಿದರೂ ಜಗಳವೇ ಎಂದೆ. ಅವು ಹಾಗೇ ಇರುತ್ತವೆ. ಅವುಗಳ ಪಕ್ಕದಲ್ಲೇ ನನ್ನ ಸುತ್ತು ಹಾಕಿಕೊಂಡು ಬಂದಿದ್ದೇನೆ, ಅವೂ ಏನು ನೆಟ್ಟಗಿಲ್ಲ. ನಡುವೆ ಒಂದು ಗೇಣು ಬಿಟ್ಟಿದ್ದೇನೆ. ಕೊನೆಯ ಹೊಲಿಗೆ ಅತ್ತೆಯೇ ಹಾಕಬೇಕು, ಬಾಯಿ ಮುಚ್ಚುವ ಮೊದಲು ಒಳಗೊಂದು ಚೂರು ಹೋಳಿಗೆ ಇಡಬೇಕು, ಹಸಿದ ಕೌದಿಯನ್ನು ಹೊದ್ದವರಿಗೆ ನಿದ್ದೆ ಬರುವುದಿಲ್ಲ ಎಂದು ನಮ್ಮವ್ವ ನಿನಗೆ ಮಾಡಿ ತೋರಿಸಿದ್ದಳಲ್ಲ. ಅದು ನನ್ನ ಕೆಲಸವಲ್ಲ, ನಾನು ಮಾಡುವುದೂ ಇಲ್ಲ.

ಮದುವೆಗೆ ಮೊದಲು ಕಣ್ಣಿನ ಕಟ್ಟು ಬಿಚ್ಚಿ ಎಲ್ಲ ಸರಿಹೋಗುವುದಿಲ್ಲವಲ್ಲ ಎಂದು ನೀನು ಕೇಳುತ್ತೀ, ಗೊತ್ತು. ಅದಕ್ಕೂ ವ್ಯವಸ್ಥೆಯಾಗಿದೆ. ನಿನ್ನೆ ದರೋಜಿಗೆ ಬೀಗರ ಮನೆಗೆ ಹೋಗಿದ್ದೆ. ಮದುವೆಯನ್ನು ಶ್ರಾವಣಕ್ಕೆ ಹಾಕಿಕೊಳ್ಳಿ ಎಂದು ಕೇಳಿದೆ. ಹುಡುಗಿಯ ಅಪ್ಪ ಅಂಜಿನಯ್ಯ ಮುಖ ಗಂಟಿಕ್ಕಿದ. "ಕಾಲುವಿಗೆ ನೀರು ಬಿಟ್ಟಮ್ಯಾಗ ನಾಟಿ ಬಿಟ್ಟು ಯಾರು ಬರ್ತಾರ್ರಿ ಮದುವಿಗೆ? ಮಂದಿಗೆಲ್ಲ ಹೇಳಿ ಆಗೈತಿ" ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ನನಗೆ ಕೋಪ ನೆತ್ತಿಗೇರಿತು, ಆದರೂ ನುಂಗಿಕೊಂಡೆ. ನೀನು ನಂಬಲಿಕ್ಕಿಲ್ಲ, ಕೈ ಮುಗಿದೆ. ಅಷ್ಟರಲ್ಲಿ ಒಳಗಿನಿಂದ ಆ ಹುಡುಗಿ ಉಚ್ಚೆಂಗಮ್ಮ, ನಾಲ್ಕು ಜನರೆದುರು ಬಾಯಿ ಬಿಡದವಳು, ಬಾಗಿಲ ಮರೆಯಲ್ಲಿ ನಿಂತೇ ಕೇಳಿದಳು. "ಅಪ್ಪಾ, ಅತ್ತಿ ನನ್ ಮಾರಿ ನೋಡಾದು ಬ್ಯಾಡೇನು?" ಅಂಜಿನಯ್ಯ ಒಳಗೆ ತಿರುಗಿ ಚಹಾ ಇಡಿಸು ಎಂದ. ಶ್ರಾವಣಕ್ಕೆ ಗಟ್ಟಿಯಾಯಿತು. ಓಬಳೇಶ ಮುಖ ಇಳಿಬಿಟ್ಟುಕೊಂಡು ಒರೆಸಿದ ಟ್ರ್ಯಾಕ್ಟರನ್ನೇ ಒರೆಸುತ್ತಿದ್ದಾನೆ. ಒರೆಸಲಿ. ಹೊಳೆಯುತ್ತದೆ.

ಆದ್ದರಿಂದ ಬುಧವಾರ ಬರಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ. ಶುಕ್ರವಾರ ಹೊನ್ನೂರಮ್ಮ, ಅಳಿಯ ಇಬ್ಬರೂ ನಿನ್ನ ಜೊತೆಗಿರುತ್ತಾರೆ. ನಾನು ಬರಲಾರೆ. ಮನೆ, ಎಮ್ಮೆ, ಒಲೆ ಎಲ್ಲ ನನ್ನ ಮೇಲಿದೆ, ನೀನೇ ಬಲ್ಲೆ. ಡಾಕ್ಟರು ಹೇಳಿದ ಹಾಗೆ ಕೇಳು. ಅವರ ಕೈಗೆ ಅಡ್ಡ ಕೈ ಹಾಕಬೇಡ. ಹೊನ್ನೂರಮ್ಮನಿಗೂ ಅಳಿಯಂದಿರಿಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ. ಊರಮ್ಮ ನಿನ್ನ ಕಣ್ಣು ಕಾಯಲಿ.

ಇಂತಿ,
ಎರ್ರಿಯಪ್ಪ

ತಾ.ಕ. ಕಾಗದ ಒಯ್ಯಲು ದ್ಯಾಮಕ್ಕನ ಗಂಡ ವಿರುಪಾಕ್ಷಪ್ಪ ಬಂದು ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತು ಎಂದು ಒದರುತ್ತಿದ್ದಾನೆ. ಹೊನ್ನೂರಮ್ಮಾ, ಇದನ್ನು ನಿಮ್ಮವ್ವನಿಗೆ ಎರಡು ಸಲ ಓದು. ಬರಲಾರೆ ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕು. ಎಮ್ಮೆಯನ್ನು ದ್ಯಾಮಕ್ಕನಿಗೆ ಈಗಷ್ಟೇ ಒಪ್ಪಿಸಿದೆ. ಗುರುವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಸುಂಕಮ್ಮ, ನಾನು ಬರುವ ತನಕ ಎಲ್ಲಿಗೂ ಹೊರಡಬೇಡ. ಪೊರೆ ತೆಗೆಯುವ ಕೋಣೆಗೆ ಮನೆಯವರನ್ನು ಬಿಡುವುದಿಲ್ಲವಂತೆ, ಬಾಗಿಲ ತನಕ ಬಿಡುತ್ತಾರಂತೆ. ಬಾಗಿಲಲ್ಲೇ ನಿಂತು ನಡುನಡುವೆ ಕೆಮ್ಮುತ್ತಿರುತ್ತೇನೆ. ಯಾರು ಬೈದರೂ ನಿಲ್ಲಿಸುವುದಿಲ್ಲ. ಕಣ್ಣು ಕಟ್ಟಿದ್ದರೂ ನನ್ನ ಕೆಮ್ಮು ನಿನಗೆ ಗೊತ್ತಾಗುತ್ತದೆ.