ಸೋಬಾನೆಯ ಎರಡನೇ ನುಡಿ

ಮೌನಶಕೆ ತೊಂಬತ್ತೊಂದು, ಎರಡನೇ ಶ್ರಾವಣದ ನಲವತ್ತನೇ ದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿ ಸಾವಂತ್ರವ್ವನಿಗೆ,

ನಮ್ಮ ತಿಂಗಳುಗಳು ನಿನಗೆ ಅರ್ಥವಾಗಲಿಕ್ಕಿಲ್ಲ, ನಮ್ಮ ಕೆಲವು ಮಾತುಗಳೂ ಅಷ್ಟೆ. ಅದಕ್ಕೆ ಕ್ಷಮೆಯಿರಲಿ. ಬೇರೆ ಯಾವುದಕ್ಕೂ ನಾನು ನಿನ್ನ ಕ್ಷಮೆ ಕೇಳುವುದಿಲ್ಲ. ಈ ಕಾಗದ ಹಿಂದುಟಪಾಲಿನಲ್ಲಿ ಬರುತ್ತಿದೆ. ಅದು ಕಳೆದ ಕಾಲಕ್ಕೆ ಕಾಗದ ಮುಟ್ಟಿಸುತ್ತದೆಯೇ ಹೊರತು ಆಗಿಹೋದದ್ದನ್ನು ಬದಲಿಸುವುದಿಲ್ಲ. ಬದಲಾಗಲಿ ಎಂದು ಬರೆಯುತ್ತಲೂ ಇಲ್ಲ. ನಿನಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ನಿನ್ನ ಓಣಿಯಲ್ಲಿ ನೀನು ಬಾರದೆ ಯಾವ ಮದುಮಗಳಿಗೂ ಅರಿಸಿನ ಹಚ್ಚುತ್ತಿರಲಿಲ್ಲವಂತೆ. ನೀನು ಸೋಬಾನೆ ಎತ್ತಿಕೊಟ್ಟ ಮೇಲೆಯೇ ಉಳಿದ ಹೆಂಗಸರು ದನಿಗೂಡಿಸುತ್ತಿದ್ದರಂತೆ. ಆ ಹೆಮ್ಮೆ ನಿನ್ನ ತಲೆಗೇರಿತು. ದನಿಕಣಜದವರು ಬಂದು, ನಿನ್ನ ದನಿಯನ್ನು ಪೆಟ್ಟಿಗೆಯೊಳಗೆ ಶಾಶ್ವತವಾಗಿ ಇಡುತ್ತೇವೆ, ಆದರೆ ನಿನ್ನ ಕುಲದ ಹೆಣ್ಣುಮಕ್ಕಳು ಮುಂದೆ ಆ ದನಿಯಲ್ಲಿ ಹಾಡಬಾರದು ಎಂದಾಗ, ಹಿಂದೆಮುಂದೆ ನೋಡದೆ ತಲೆಯಾಡಿಸಿದೆ. ಅಂದು ನೀನಾಡಿದ ಮಾತನ್ನು ಪೆಟ್ಟಿಗೆ ಈಗಲೂ ಪ್ರತಿ ಮದುವೆಯಲ್ಲಿ ಹಾಡಿಗೆ ಮೊದಲು ಕೇಳಿಸುತ್ತದೆ: "ನಾ ಸತ್ತರೂ ನನ್ನ ದನಿ ಸಾಯಂಗಿಲ್ಲ ನೋಡ್ರೆವ್ವ."

ಮೂಗು, ಹುಬ್ಬಿನ ಹಾಗೆ ದನಿಯೂ ಮಕ್ಕಳಿಗೆ ಇಳಿದು ಬರುತ್ತದೆಂದು ನಿನಗೆ ಹೊಳೆಯಲಿಲ್ಲ. ನಿನ್ನ ದನಿ ನಮಗೆಲ್ಲ ಬಂತು. ನಮ್ಮ ಮನೆಯ ಹೆಂಗಸರು ಸಂತೆಯಲ್ಲಿ ಪಿಸುಗುಟ್ಟಿ ಸೊಪ್ಪು ಕೊಳ್ಳುತ್ತೇವೆ. ಹಾಡಿಕೊಂಡು ಅಳುವುದೂ ಹಾಡೇ ಎಂದು ತೀರ್ಮಾನವಾಗಿರುವುದರಿಂದ, ಸತ್ತವರ ಮುಂದೆ ಬಾಯಿಗೆ ಸೆರಗು ತುರುಕಿಕೊಂಡು ಕೂರುತ್ತೇವೆ. ನನ್ನ ಅವ್ವ ಹೋದಾಗಲೂ ಹಾಗೇ ಕೂತಿದ್ದೆ. ಗೋಡೆಯಲ್ಲಿ ಬಾಯ್ಗಾವಲು ಇರುತ್ತದೆ, ಅಂದರೆ ನಮ್ಮ ದನಿ ಏರಿದರೆ ಹಿಡಿದುಕೊಡುವ ಕಿವಿ. ನನ್ನ ಮಗಳು ನೀಲಿಗೆ ಈಗಷ್ಟೇ ಹಲ್ಲು ಮೂಡಿವೆ. ಅವಳಿಗೆ ಜೋಗುಳ ಹಾಡುವುದು ಪೆಟ್ಟಿಗೆ. ಮೊನ್ನೆ ಜ್ವರ ಬಂದು ಅಳುವಾಗ ಅವಳು ನನ್ನ ತೋಳಿನಿಂದ ಪೆಟ್ಟಿಗೆಯ ಕಡೆ ಕೈ ಚಾಚಿದಳು. ನಿನ್ನನ್ನು ಸುಮ್ಮನೆ ಬಿಡಬಾರದು ಎಂದುಕೊಂಡದ್ದು ಆಗಲೇ.

ಪೆಟ್ಟಿಗೆಯ ದನಿ ದಿನ ಕಳೆದಂತೆ ಸಪ್ಪೆಯಾಗುತ್ತದೆ. ಅದಕ್ಕೇ ಮದುವೆಗಳು ಶುರುವಾಗುವ ಮುಂಚೆ ನಮ್ಮಲ್ಲೊಬ್ಬಳನ್ನು ಕಣಜಕ್ಕೆ ಕರೆಸಿ ಸೋಬಾನೆ ಹಾಡಿಸುತ್ತಾರೆ. ಇದಕ್ಕೆ ಹದಹಾಕುವುದು ಎನ್ನುತ್ತಾರೆ; ಆಗ ಹಾಡಿದ್ದೇ ಊರೂರಿನ ಪೆಟ್ಟಿಗೆಗಳಿಗೆಲ್ಲ ಇಳಿಯುತ್ತದೆ. ಅಲ್ಲಿನವರು ಧಾಟಿ, ಸ್ವರ ನೋಡುತ್ತಾರೆಯೇ ಹೊರತು ಪದಗಳಿಗೆ ಕಿವಿಗೊಡುವುದಿಲ್ಲ. ಈ ಸಲ ನನ್ನ ಪಾಳಿ. ಮೊದಲ ನುಡಿಯನ್ನು ನಿನ್ನ ಹಾಗೆಯೇ ಹಾಡಿದೆ. ಎರಡನೇ ನುಡಿಗೆ ಧಾಟಿ ಬದಲಿಸದೆ, ಹೆಣದ ಮುಂದೆ ಅಳುವ ಪದಗಳನ್ನು ಹಾಕಿದೆ, ನಿನ್ನ ಹೆಸರು ಹಿಡಿದು. ಅವ್ವನಿಗೆ ಅಳಲಾಗದ್ದನ್ನೆಲ್ಲ ಅಲ್ಲಿ ಅತ್ತೆ. ಹದ ಚೆನ್ನಾಗಿ ಬಂತು ಎಂದು ಬೆನ್ನು ತಟ್ಟಿ ಕಳಿಸಿದರು.

ನಾಳೆ ಮೊದಲ ಮುಹೂರ್ತ. ಊರೂರಿನ ಚಪ್ಪರಗಳಲ್ಲಿ ನೀನು ಸಾಯುವುದಿಲ್ಲವೆಂದು ಹೇಳುತ್ತೀ, ಆಮೇಲೆ ನಿನ್ನದೇ ದನಿಯಲ್ಲಿ ನಿನ್ನ ಹೆಣಕ್ಕೆ ಅಳುತ್ತೀ. ಮದುಮಕ್ಕಳ ತಾಯಂದಿರು ನಿನಗೆ ಹಿಡಿಶಾಪ ಹಾಕಿ ಪೆಟ್ಟಿಗೆಯನ್ನು ಬೀದಿಗೆ ಎಸೆಯುತ್ತಾರೆ. ಇನ್ನು ಯಾವ ಮನೆಯವರೂ ನಿನ್ನನ್ನು ಶುಭಕಾರ್ಯಕ್ಕೆ ಕರೆಯುವುದಿಲ್ಲ. ಆ ಮದುಮಕ್ಕಳ ಬಗ್ಗೆ ನನಗೆ ಮರುಕವಿದೆ. ನಿನ್ನ ಬಗ್ಗೆ ಇಲ್ಲ.

ನಾಳೆ ಸಂಜೆಯೊಳಗೆ ಕಣಜದವರು ಬಂದು ನನ್ನ ಗಂಟಲು ಕಟ್ಟುತ್ತಾರೆ. ಒಂದು ಸೂಜಿ ಚುಚ್ಚಿದರೆ ಬದುಕಿರುವವರೆಗೆ ಮೂಕಿ. ಅದಕ್ಕೆ ಮೊದಲು, ಮಧ್ಯಾಹ್ನ, ಬಾಗಿಲು ತೆರೆದಿಟ್ಟು ನೀಲಿಗೆ ಗಂಟಲು ಬಿಚ್ಚಿ ಜೋಗುಳ ಹಾಡುತ್ತೇನೆ. ಅವಳು ರೂಢಿಯಂತೆ ಪೆಟ್ಟಿಗೆಯ ಕಡೆಗೇ ತಿರುಗಬಹುದು. ತಿರುಗಲಿ. ಅಷ್ಟರಲ್ಲಿ ಅದರ ಬಾಯಿಗೆ ನನ್ನ ಸೆರಗು ತುರುಕಿರುತ್ತೇನೆ.

ನಿನ್ನ ಕುಲದವಳು,
ಫಕೀರವ್ವ